ತೆಗೆದದ್ದು, ಬಿಟ್ಟದ್ದು

ದ್ರಾಕ್ಷಿಯ ಕೊಯ್ಲು ಮುಗಿದ ಹತ್ತನೆಯ ದಿನ. ಮಧ್ಯಾಹ್ನದ ನಮಾಜು ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುತ್ತಿದ್ದಾಗ ಮೊಮ್ಮಗಳು ತಸ್ಲೀಮ ಫೋನು ಮಾಡಿದಳು.

"ದಾದಾ, ಇವತ್ತ ನಮ್ಮ ಡೋಲಿ ಹೊಳಿಗೆ ಹೋಗತೈತಿ. ನೋಡಾಕ ಬರ್ತೀರೇನು?"

ಡೋಲಿ ಎಂದರೆ ಮೊಹರಮ್ಮಿಗೆ ನಮ್ಮ ಮನೆತನದವರು ಬಿದಿರು, ಬಣ್ಣದ ಕಾಗದ, ಮೈದಾ ಅಂಟಿನಿಂದ ಕಟ್ಟುವ ತಾಬೂತು. ಕಡೆಯ ದಿನ ಅದನ್ನು ಕೃಷ್ಣೆಗೆ ಒಯ್ದು ನೀರಿಗೆ ಬಿಡುತ್ತೇವೆ. ಆದರೆ ತಸ್ಲೀಮ ಹೇಳಿದ್ದು ಆ ಡೋಲಿಯ ಮಾತಲ್ಲ. ಕಾಗವಾಡದ ದ್ರಾಕ್ಷಿ ಬೆಳೆಗಾರರ ಸಂಘದಲ್ಲಿ ಅವಳೂ ವಿಶಾಲ ಎಂಬ ತರುಣನೂ ಸೇರಿ ಕಂಪ್ಯೂಟರಿನಲ್ಲಿ ಕಟ್ಟಿರುವ ಒಂದು ವ್ಯವಸ್ಥೆಗೆ ಅವಳು ತಮಾಷೆಗೆ ಇಟ್ಟ ಹೆಸರು ಅದು. ತೋಟಗಳಲ್ಲಿ ನೆಟ್ಟ ಸಣ್ಣ ಯಂತ್ರಗಳು ಎಲೆಯ ತೇವವನ್ನೂ ಗಾಳಿಯ ಬಿಸಿಯನ್ನೂ ತಿಳಿಸುತ್ತವೆ. ರೋಗವೋ ಮಳೆಯೋ ಬರುವ ಲಕ್ಷಣ ಕಂಡರೆ ಆ ವ್ಯವಸ್ಥೆ ತಾನಾಗಿಯೇ ಏಳುನೂರು ಬೆಳೆಗಾರರಿಗೆ ಫೋನು ಮಾಡಿ ಎಚ್ಚರಿಸುತ್ತದೆ. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವಾಗ ಅದನ್ನು ಎಬ್ಬಿಸುತ್ತಾರೆ; ಕೊಯ್ಲು ಮುಗಿದ ಮೇಲೆ ಇಳಿಸಿಬಿಡುತ್ತಾರೆ.

ಆ ಫೋನಿನಲ್ಲಿ ಮಾತನಾಡುವ ದನಿ ನನ್ನ ಹೆಂಡತಿ ಮೆಹರುಬಿಯದು. ಜನವರಿಯಲ್ಲಿ ಅವಳು ತೀರಿಕೊಂಡಳು.

ಅಂದು ಡೋಲಿಯ ಜೊತೆಗೆ ಆ ದನಿಯೂ ಹೋಗುವುದಿತ್ತು. ತಸ್ಲೀಮಳಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರೇ, ವಿಶಾಲ ಮತ್ತು ನಾನು. ಹಾಗೆ ಮಾಡಲು ಹೇಳಿದವನು ನಾನೇ.

ಮೆಹರುಬಿಗೆ ಓದುಬರಹ ಅಷ್ಟಕ್ಕಷ್ಟೆ. ಆದರೆ ಮಾತು ಬಜಾರದ ಆ ತುದಿಗೆ ಕೇಳಿಸುತ್ತಿತ್ತು. ಮೂರು ವರ್ಷದ ಹಿಂದೆ ಸಂಘದವರು ಮೊದಲು ಪಟ್ಟಣದ ಒಬ್ಬ ಹೆಣ್ಣುಮಗಳ ದನಿ ಹಾಕಿದ್ದರು. "ಬ್ಯಾಂಕಿನಾಕಿ ಮಾತಾಡಿದಂಗ ಐತಿ" ಎಂದು ಬೆಳೆಗಾರರು ಅರ್ಧಕ್ಕೇ ಫೋನು ಇಡುತ್ತಿದ್ದರು. ಆಗ ತಸ್ಲೀಮ ತನ್ನ ದಾದಿಯನ್ನು ಅಡಿಗೆಮನೆಯಲ್ಲಿ ಕೂರಿಸಿ ನಲವತ್ತೊಂದು ಎಚ್ಚರಿಕೆಗಳನ್ನು ಅವಳ ಬಾಯಿಂದಲೇ ಹೇಳಿಸಿ ತುಂಬಿಕೊಂಡಳು. ನಾನು ಪಡಸಾಲೆಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ನಮಗೆ ದ್ರಾಕ್ಷಿತೋಟ ಇಲ್ಲ. ನನ್ನ ನಂಬರು ಆ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಅವಳ ಫೋನು ನನಗೆ ಎಂದೂ ಬರಲಿಲ್ಲ.

ಅವಳ ನಲವತ್ತನೆಯ ದಿನದ ಫಾತಿಹಾ ಆದ ಮೂರು ದಿನಕ್ಕೆ ನಾನು ಬಾಳೆಹಣ್ಣು ಕೊಳ್ಳಲು ಬಜಾರಕ್ಕೆ ಹೋಗಿದ್ದೆ. ಸಂಜೆ ಐದೂವರೆ. ಚಹದಂಗಡಿಯ ಮುಂದೆ ಒಮ್ಮೆಲೇ ಐದಾರು ಫೋನುಗಳು ಬಡಿದುಕೊಂಡವು. ಒಬ್ಬ ಕಿಸೆಯಿಂದ ತೆಗೆದ, ಒಬ್ಬ ಸೈಕಲ್ಲಿನ ಚೀಲದಿಂದ ತೆಗೆದ. ಎಲ್ಲ ಫೋನುಗಳಿಂದಲೂ, ಒಂದು ಚೂರು ಮುಂದೆ, ಒಂದು ಚೂರು ಹಿಂದೆ, "ನಾ ಮೆಹರುಬಿ ಮಾತಾಡಾಕತ್ತೀನಿ" ಎಂಬ ಮಾತು ಬಂತು. ಅವಳಿಗೆ ಮಣ್ಣು ಕೊಟ್ಟು ಬಂದ ಕೈ ಇದು. ಹಣ್ಣನ್ನು ಗಾಡಿಯ ಮೇಲೆಯೇ ಬಿಟ್ಟು, ಮುಂದಿನ ಮಾತು ಕೇಳದೆ ಮನೆಗೆ ಬಂದೆ.

ಮರುದಿನ ವಿಶಾಲನನ್ನು ಹುಡುಕಿಕೊಂಡು ಹೋದೆ. "ಸತ್ತಾಕಿನ್ನ ದುಡಿಮಿಗೆ ಹಚ್ಚಬಾರದಪಾ" ಎಂದೆ. "ಈ ಹಂಗಾಮ ಮುಗೀಲಿ. ಡೋಲಿ ಇಳಸೂ ದಿನ ಅಕಿನ್ನೂ ಅದರ ಕೂಡ ಕಳಿಸಿಬಿಡು. ತಸ್ಲೀಮಗ ಹೇಳಬ್ಯಾಡ, ಅಳತಾಳ." ನಾಲ್ಕನೆಯ ಇಯತ್ತೆಯಲ್ಲಿ ಅವನಿಗೆ ಕನ್ನಡ ಕಲಿಸಿದವನು ನಾನು. ಇಲ್ಲ ಎನ್ನುವುದು ಅವನಿಂದ ಆಗಲಿಲ್ಲ. "ಆತ್ರಿ ಮಾಸ್ತರ್ರ" ಎಂದ.

ಆ ದನಿಯ ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ. ಮೆಹರುಬಿಯ ಫೋನನ್ನು ಪೂರ್ತಿ ಅಳಿಸಿ ನಿಪ್ಪಾಣಿಯ ಮಗಳಿಗೆ ಕೊಟ್ಟಿದ್ದೆವು. ತಸ್ಲೀಮಳ ಹಳೆಯ ಲ್ಯಾಪ್‌ಟಾಪು ಕೆಟ್ಟು ಹೋಗಿತ್ತು.

ಸಂಘದ ಕಚೇರಿ ಒಣದ್ರಾಕ್ಷಿಯ ಗೋದಾಮಿನ ಮೇಲಿದೆ. ಮೆಟ್ಟಿಲು ಹತ್ತುವಾಗಲೇ ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ವಿಶಾಲ ಎದ್ದು ಕುರ್ಚಿ ಕೊಟ್ಟ, ಆದರೆ ಮುಖ ಕೊಟ್ಟು ಮಾತನಾಡಲಿಲ್ಲ. ನಾನು ಏಕೆ ಹೋದೆ ಎಂದು ಈಗ ಕೇಳಿದರೆ, ಮಣ್ಣಿಗೆ ಹೋಗುವಂತೆ ಹೋದೆ ಎಂದೇ ಹೇಳಬೇಕು. ಕಳಿಸುವಾಗ ಒಬ್ಬರಾದರೂ ಮನೆಯವರು ಇರಬೇಕಲ್ಲ.

ತಸ್ಲೀಮ ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ಇಳಸೂಕಿಂತ ಮೊದ್ಲ, ಹೆಂಗ ಕಟ್ಟತೀವಿ ನೋಡ್ರಿ ದಾದಾ. ಇದು ನಮ್ಮ ನಮೂನಿ ಕಾಗದ. ಟೆಂಪ್ಲೇಟ್ ಅಂತಾರ."

ಸಾಲುಗಳು ಒಂದರ ಕೆಳಗೊಂದು, ಒಂದು ಮೆಟ್ಟಿಲು ಒಳಗೆ, ಎರಡು ಮೆಟ್ಟಿಲು ಒಳಗೆ ಎಂದು ಓರಣವಾಗಿ ಇದ್ದವು. ಅಕ್ಷರ ಇಂಗ್ಲಿಷಿನವು, ಆದರೆ ಶಿಸ್ತು ನನಗೆ ಹಿಡಿಸಿತು.

"ಹೆಂಗ ಕಟ್ಟಬೇಕಂತ ಇದರಾಗ ಬರದೈತೇನು?"

"ಅದನ್ನ ಬರಿಯೂದಿಲ್ರಿ. ಏನ ಬೇಕಂತ ಅಷ್ಟ ಬರಿಯೂದು. ಬೆಳೆಗಾರ್ರ ಹೆಸರ ಇಡಾಕ ಒಂದ ಜಾಗಾ ಬೇಕು, ಫೋನ ಮಾಡೂ ಒಂದ ಯಂತ್ರ ಬೇಕು, ದನಿ ಇಡಾಕ ಒಂದ ಪೆಟಗಿ ಬೇಕು. ಕಟ್ಟೂದು ಕ್ಲೌಡಿನವರ ಕೆಲಸ."

"ಮ್ಯಾಲ ಮುಗಲಾಗ?"

ವಿಶಾಲ ನಕ್ಕ. "ಮುಗಲಾಗ ಏನಿಲ್ರಿ ಮಾಸ್ತರ್ರ. ಮುಂಬೈ ಕಡೆ ಅವರ ದೊಡ್ಡ ಗೋದಾಮ ಅದಾವ, ತುಂಬ ಕಂಪ್ಯೂಟರ. ನಮಗ ಬೇಕಾದಷ್ಟ ಬಾಡಿಗಿಲೆ ಕೊಡ್ತಾರ. ಕೆಲಸ ಇಲ್ಲದಾಗ ಇಳಿಸಿದ್ರ ಬಾಡಿಗಿ ನಿಲ್ಲತೈತಿ."

"ಈ ಕಾಗದ ಕಳಿಸಿದ್ರ ಓದಿ, ತಾವ ಎಲ್ಲಾ ಜೋಡಿಸಿ ನಿಲ್ಲಸ್ತಾರ" ಎಂದಳು ತಸ್ಲೀಮ. "ನಿಂತಿದ್ದಕ್ಕ ಸ್ಟ್ಯಾಕ್ ಅಂತ ಹೆಸರ. ಕಾಗದ ಒಂದ, ಸ್ಟ್ಯಾಕ್ ಎಷ್ಟ ಬೇಕಾದ್ರೂ."

ನನಗೆ ನಮ್ಮ ತಂದೆಯ ಕಾಗದ ನೆನಪಾಯಿತು. ಮಡಿಕೆಗಳಲ್ಲಿ ಹರಿದು, ಬಟ್ಟೆ ಅಂಟಿಸಿಕೊಂಡು ನಮ್ಮ ಟ್ರಂಕಿನಲ್ಲಿ ಈಗಲೂ ಇದೆ. ಕಂಬ ನಾಲ್ಕು, ಎತ್ತರ ಮೂರೂವರೆ ಮೊಳ. ಗುಮ್ಮಟ ಒಂದು. ಮಿನಾರು ನಾಲ್ಕು. ಬಿದಿರನ್ನು ಹೇಗೆ ಸೀಳಬೇಕೆಂದು ಅದರಲ್ಲಿ ಒಂದಕ್ಷರವಿಲ್ಲ. ಆದರೂ ಅರವತ್ತು ವರ್ಷದಿಂದ ಅದೇ ಡೋಲಿ ಏಳುತ್ತದೆ, ನೀರಿಗೆ ಹೋಗುತ್ತದೆ, ಮರುವರ್ಷ ಮತ್ತೆ ಅದೇ ಏಳುತ್ತದೆ.

"ಇಲ್ಲಿ ಯಾಕ ಖಾಲಿ ಬಿಟ್ಟೀರಿ?" ಎಂದು ಮೇಲಿನ ಕೆಲವು ಸಾಲುಗಳನ್ನು ತೋರಿಸಿದೆ.

"ಬೇಕಂತನ ಬಿಟ್ಟಿದ್ದು. ಊರಿನ ಹೆಸರು, ಫೋನ ಎಷ್ಟು, ಯಾವ ಭಾಷಾ. ಎಬ್ಬಸೂ ಹೊತ್ತಿನ್ಯಾಗ ತುಂಬತೀವಿ. ಕಾಗವಾಡ ಅಂತ ತುಂಬಿದ್ರ ಕಾಗವಾಡದ್ದು ಏಳತೈತಿ, ಅಥಣಿ ಅಂದ್ರ ಅಥಣಿದು. ರಾಯಬಾಗದವರೂ ಕೇಳಾಕತ್ತಾರ."

"ಅಂದ್ರ ರಜಾ ಅರ್ಜಿ ನಮೂನಿ ಇದ್ದಂಗ. ಹೆಸರು, ಇಯತ್ತೆ, ಕಾರಣ ಅಷ್ಟ ಹುಡುಗರು ತುಂಬೂದು."

"ಥೇಟ!" ಎಂದ ವಿಶಾಲ. "ಕಾರಣದಾಗ ನಾನು ಕಾಯಂ ಹೊಟ್ಟಿನೋವು ಅಂತ ಬರೀತಿದ್ದೆ."

"ನನಗ ಗೊತ್ತಿತ್ತು" ಎಂದೆ.

ಆಮೇಲೆ ನನಗೆ ಇನ್ನೊಂದು ಸಂದೇಹ ಬಂತು. ಡೋಲಿಯಲ್ಲಿ ಪೀಠ ಮೊದಲು, ಕಂಬ ಆಮೇಲೆ. ಇದರಲ್ಲಿ ಯಾವುದು ಮೊದಲೆಂದು ಬರೆದೇ ಇಲ್ಲ.

"ಯಾವ್ದು ಯಾವ್ದಕ್ಕ ಆತಕೊಂಡೈತಿ ಅನ್ನೂದು ಬರದೈತ್ರಿ" ಎಂದು ತಸ್ಲೀಮ ಬೆರಳಿಟ್ಟು ತೋರಿಸಿದಳು. "ಫೋನ ಮಾಡೂ ಯಂತ್ರ ದನಿ ಪೆಟಗಿ ಹೆಸರ ಕೇಳತೈತಿ. ಅಂದ ಮ್ಯಾಲ ಪೆಟಗಿ ಮೊದ್ಲ ಆಗಬೇಕಂತ ತಾನ ತಿಳಿತೈತಿ. ಒಂದಕ್ಕೊಂದ ಸಂಬಂಧ ಇಲ್ಲದ್ದು ಜೋಡೀಲೆ ಏಳತಾವ."

"ಇಳಸೂ ಮುಂದ?"

"ಉಲ್ಟಾ. ಆತಕೊಂಡಿದ್ದು ಮೊದ್ಲ ಹೋಗತೈತಿ. ಆಸರ ಕೊಟ್ಟಿದ್ದು ಕಡೀಕ."

ನಮ್ಮ ಮನೆಯಲ್ಲಿ ಆಸರೆಯೇ ಮೊದಲು ಹೋಗಿತ್ತು.

ವಿಶಾಲ ಹೋದ ಅಕ್ಟೋಬರಿನ ಕಥೆ ತೆಗೆದ. "ಎಬ್ಬಸಾಕ ಹೋದ್ವಿರಿ, ಹದಿನೆಂಟ ಭಾಗದಾಗ ಹದಿನೇಳ ಎದ್ದುವು, ಹದಿನೆಂಟನೇದ್ದು ಏಳಲಿಲ್ಲ. ಕಣ್ಣ ಮುಂದ ಹದಿನೇಳೂ ತಾವಾಗೇ ಇಳದಬಿಟ್ಟುವು. ಅರ್ಧಾ ಕಟ್ಟಿ ಬಿಡಾಕ ಅದು ಒಪ್ಪೂದಿಲ್ಲ. ನಿಂತರ ಪೂರ್ತಿ, ಇಲ್ಲಾ ಬಯಲ."

"ಆವತ್ತ ಇಂವಾ ಯಲ್ಲವ್ವಗ ಹರಕಿ ಹೊತ್ತಾನ್ರಿ ದಾದಾ."

"ಸುಳ್ಳ ಹೇಳಬ್ಯಾಡ ಲೇ. ಹನಮಪ್ಪಗ ಒಂದ ಕಾಯಿ ಅಷ್ಟ."

ಕಟ್ಟುವಾಗ ಪೀಠ ಸೊಟ್ಟಗಾದರೆ ನಮ್ಮ ತಂದೆಯೂ ಎಲ್ಲ ಗಂಟು ಬಿಚ್ಚಿಸುತ್ತಿದ್ದರು. ನಾನು ಇನ್ನೂ ಒಂದು ಪ್ರಶ್ನೆ ಕೇಳಿದೆ. ಕೇಳಬಾರದಿತ್ತೇನೋ. "ಕಟ್ಟಿ ನಿಲ್ಲಿಸಿದ ಮ್ಯಾಲ ಯಾರರ ಸುಮ್ಮನ ಕೈ ಹಾಕಿ ಏನರ ಬದಲಿಸಿದ್ರ?"

"ಅದನ್ನೂ ಹಿಡಿತೈತಿ. ಕಾಗದದಾಗ ಏನೈತಿ, ನಿಂತಿದ್ದು ಹೆಂಗೈತಿ, ಎರಡೂ ತಾಳಿ ನೋಡಿ ಇಲ್ಲಿ ಫರಕ ಐತಿ ಅಂತ ಹೇಳತೈತಿ. ಅದಕ್ಕ ನಾವು ನಿಂತಿದ್ದಕ್ಕ ಕೈ ಹಚ್ಚೂದಿಲ್ಲ. ಬದಲಿ ಇದ್ರ ಕಾಗದದಾಗ. ಅಲ್ಲಿ ಯಾರ ಬದಲಿಸಿದ್ರೂ ಹೆಸರ ಬೀಳತೈತಿ."

ವಿಶಾಲ ಕಿಟಕಿಯ ಹೊರಗೆ ನೋಡಿದ.

ಅಷ್ಟರಲ್ಲಿ ಮೆಟ್ಟಿಲಿನಿಂದಲೇ ಬೈಗುಳ ಕೇಳಿಸಿತು. "ಸಂಘಕ್ಕ ಕೆಳಗ ಜಾಗಾ ಸಿಗಲಿಲ್ಲೇನ್ರೋ ನಿಮಗ? ಮಣಕಾಲ ಹ್ವಾದುವು ನನ್ನವು." ಬಂದವಳು ಕಸ್ತೂರೆವ್ವ. ಮಂಗಸೂಳಿ ದಾರಿಯಲ್ಲಿ ಅವಳಿಗೆ ಎರಡು ಎಕರೆ ದ್ರಾಕ್ಷಿಯಿದೆ. ಕೈಯಲ್ಲಿ ಒಂದು ಗಂಟು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಮಾಸ್ತರ್ರೂ ಅದಾರಲ್ಲ, ಬರೋಬ್ಬರಿ ಆತು. ಇದನ್ನ ನಿಮ್ಮ ಮೆಹರುಬಿಗಂತ ತಂದೀನ್ರಿ." ಗಂಟು ಬಿಚ್ಚಿದಳು. ಜೇನುಬಣ್ಣದ ಒಣದ್ರಾಕ್ಷಿ. "ಹಂಗ ನೋಡಬ್ಯಾಡ್ರಿ, ಅಕಿ ಇಲ್ಲಂತ ಗೊತ್ತೈತಿ ನನಗ. ಅಕಿ ಹೆಸರಲೆ ಸಣ್ಣ ಮಕ್ಕಳ ಕೈಯಾಗ ಹಾಕ್ರಿ. ಇವು ಅಕಿ ಉಳಿಸಿದ ಹಣ್ಣ."

"ಹೆಂಗವಾ?" ಎಂದೆ.

"ಫೆಬ್ರುವಾರಿ ಕಡೀಕ ಅಡ್ಡಮಳಿ ಆತಲ್ರಿ? ಆವತ್ತ ಸಂಜೀಕ ಹಣ್ಣ ಒಣಾಕ ಹಾಕಿದ್ವಿ. ಮುಗಲ ಬೆಳ್ಳಗ. ಫೋನ ಬಂತು. ಮಳಿ ಬರೂದೈತಿ, ಶೆಡ್ಡಿನ ಪರದೆ ಇಳಸರಿ ಅಂದ್ಲು. ನನ್ನ ಮಗಾ, 'ಚಾ ಕುಡದ ಹೊಕ್ಕೀನಿ ಬೇ' ಅಂದ. ಅಂವಾ ಅನ್ನೂದಕ್ಕೂ ಅಕಿ ಫೋನಿನ್ಯಾಗ, 'ಚಾ ಆಮ್ಯಾಲ ಕುಡೀರಿ' ಅನ್ನೂದಕ್ಕೂ ಒಂದ ಆತು. ಹೆದರಿ ಬಿದ್ದಾಂವ ಎದ್ದ ಓಡಿದ್ನರಿ! ಬಾಜೂಕಿನವರದು ತೊಯ್ದ ಕಪ್ಪಾತು. ನಮ್ಮದು ನೋಡ್ರಿ."

ಬಾಳೆಹಣ್ಣು ಬಿಟ್ಟು ನಾನು ಮನೆಗೆ ಓಡಿದ ಸಂಜೆ ಅದೇ. ಆ ಮಾತನ್ನು ನಾನು ಪೂರ್ತಿ ಕೇಳಿರಲಿಲ್ಲ.

"ಬರೂ ವರ್ಷ ಇರ್ತಾಳಲ್ಲವಾ ತಸ್ಲೀಮಾ?" ಎಂದು ಕಸ್ತೂರೆವ್ವ ಕೇಳಿದಳು.

"ಇರದ ಏನ! ಎಲ್ಲಾ ಇಳದರೂ ದಾದಿ ಪೆಟಗಿ ಇಳಿಯೂದಿಲ್ಲ. ಉಳಿಸು ಅಂತ ನಾನ ಕಾಗದದಾಗ ಒಂದ ಸಾಲ ಬರದೀನಿ. ತಡೀರಿ, ತೋರಸ್ತೀನಿ."

ಇಳಿಸುವ ಮೊದಲು ಏನೇನು ಹೋಗುತ್ತದೆ ಎಂಬ ಪಟ್ಟಿಯನ್ನು ತೆಗೆದು ನೋಡುವುದು ಅವಳ ಪದ್ಧತಿ. ತೆಗೆದಳು. ಬೆರಳು ಮೇಲಿನಿಂದ ಇಳಿಯುತ್ತ ಬಂದು ಒಂದು ಕಡೆ ನಿಂತಿತು. ದನಿಯ ಪೆಟ್ಟಿಗೆಯ ಮುಂದೆಯೂ ಉಳಿದವುಗಳ ಮುಂದೆ ಇದ್ದ ಪದವೇ ಇತ್ತು: ಅಳಿಸು.

ಅವಳು ಕಾಗದ ತೆಗೆದಳು. ಅವಳು ಬರೆದ ಸಾಲು ಅಲ್ಲಿರಲಿಲ್ಲ. ಯಾರು ಬದಲಿಸಿದರೆಂದು ತೋರಿಸುವ ಪುಟ ತೆಗೆದಳು. ಫೆಬ್ರುವರಿ ತಿಂಗಳ ತಾರೀಖು, ವಿಶಾಲನ ಹೆಸರು, ಪಕ್ಕದಲ್ಲಿ ಅವನು ಬರೆದ ಒಂದು ಟಿಪ್ಪಣಿ. ಅದನ್ನು ಗಟ್ಟಿಯಾಗಿ ಓದಿದಳು: "ಹಿರಿಯರು ಹೇಳಿದ ಮೇರೆಗೆ."

"ಯಾವ ಹಿರ್ಯಾರಲೇ?" ಅವಳು ವಿಶಾಲನ ಕಡೆ ತಿರುಗಿದಳು. "ನಾ ಒಂದ ಗುಂಡಿ ಒತ್ತಿದ್ರ ಮುಗೀತಿತ್ತು. ಒತ್ತಿದ ಮ್ಯಾಲ ತಡ್ಯಾಕ ಬರೂದಿಲ್ಲಂತ ನಿನಗ ಗೊತ್ತಿಲ್ಲೇನು? ಯಾರ ಹೇಳಿದ್ರು ನಿನಗ?"

ವಿಶಾಲ ತಲೆ ತಗ್ಗಿಸಿದ. ನನ್ನ ಹೆಸರು ಅವನ ಬಾಯಿಂದ ಬರುವುದಿಲ್ಲವೆಂದು ನನಗೆ ತಿಳಿಯಿತು. ಶಿಷ್ಯನ ಹಿಂದೆ ಅಡಗಿಕೊಳ್ಳುವ ಮಾಸ್ತರನನ್ನು ಅಲ್ಲಾಹನು ಕ್ಷಮಿಸಿಯಾನೆ?

"ಅವನ್ನ ಬೈಬ್ಯಾಡ ತಸ್ಲೀಮ. ನಾನ ಹೇಳಿದ್ದು."

ಬಜಾರದ ಸಂಜೆಯನ್ನು ಹೇಳಿದೆ. ಡೋಲಿ ಇಳಿದ ಮೇಲೆ ಅದರ ಕಾಗದ ಬಿದಿರು ಯಾರೂ ಮನೆಗೆ ತರುವುದಿಲ್ಲ, ಮೆಹರುಬಿಯೂ ಹಾಗೆಯೇ ನೀರಿಗೆ ಹೋಗಲೆಂದು ಬಗೆದೆ ಎಂದೆ. ತಸ್ಲೀಮ ಅಳಲಿಲ್ಲ. ಮಾತನಾಡಿದವಳು ಕಸ್ತೂರೆವ್ವ.

"ಅಲ್ರಿ ಮಾಸ್ತರ್ರ, ಅಕಿ ಏನ ನಿಮ್ಮೊಬ್ಬರ ಹೇಣ್ತಿ ಏನ್ರಿ?"

ಆಡಿದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ವಿಶಾಲ ಬಾಯಿಗೆ ಕೈ ಇಟ್ಟುಕೊಂಡ. ನನಗೂ, ಮೂರು ತಿಂಗಳಲ್ಲಿ ಮೊದಲ ಸಲ, ನಗೆ ಬಂತು.

"ನಾ ಹೇಳಿದ್ದು ಹಂಗಲ್ರಿ" ಎಂದಳು ಕಸ್ತೂರೆವ್ವ. "ಅಕಿ ದನಿ ಅಕಿ ನಮಗ ಕೊಟ್ಟಿದ್ದು. ಅಷ್ಟ."

ತಸ್ಲೀಮ ನಿಧಾನವಾಗಿ ಕೇಳಿದಳು. "ದಾದಾ, ನೀವು ಬ್ಯಾಡ ಅಂದ್ರ ನಾ ಉಳಿಸೂದಿಲ್ಲ. ಆದ್ರ ನೀವು ಒಮ್ಮೆರ ಪೂರ್ತಿ ಕೇಳೀರೇನು?"

"ಹಚ್ಚು" ಎಂದೆ.

"ಬೆಳೆಗಾರ್ರಿಗೆ ನಮಸ್ಕಾರ್ರಿ. ನಾ ಮೆಹರುಬಿ ಮಾತಾಡಾಕತ್ತೀನಿ. ಇವತ್ತ ರಾತ್ರಿ ಮಳಿ ಬರೂದೈತಿ. ಒಣಾಕ ಹಾಕಿದ ಹಣ್ಣ ನೋಡ್ಕೋರಿ, ಶೆಡ್ಡಿನ ಪರದೆ ಇಳಸರಿ. ಏಳ್ರಿ ಏಳ್ರಿ, ಚಾ ಆಮ್ಯಾಲ ಕುಡೀರಿ."

ಐವತ್ತೊಂದು ವರ್ಷ ನಸುಕಿನ ನಮಾಜಿಗೆ ನನ್ನನ್ನು ಎಬ್ಬಿಸಿದ ಮಾತು ಅದೇ. ಏಳ್ರಿ, ಚಾ ಆಮ್ಯಾಲ. ಅದನ್ನು ಅವಳು ಏಳುನೂರು ಮನೆಗೆ ಹಂಚಿದ್ದಳು. ನಾನು ಒಬ್ಬನೇ ಹಿಂದಕ್ಕೆ ಕೇಳಲು ಹೋಗಿದ್ದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಡೋಲಿಯನ್ನು ನೀರಿಗೆ ಬಿಡುವ ಮೊದಲು ಮನೆತನದ ಹಿರಿಯ ಒಳಗೆ ಕೈ ಹಾಕಿ ಪಂಜಾವನ್ನು ಹೊರಗೆ ತೆಗೆಯುತ್ತಾನೆ. ಅದು ಬೆಳ್ಳಿಯ ಹಸ್ತ. ಊರಿನವರು ಅದನ್ನೇ ದೇವರು ಎನ್ನುತ್ತಾರೆ. ಅದು ನಮ್ಮ ಸ್ವತ್ತಲ್ಲ. ಒಂದು ವರ್ಷ ನಮ್ಮ ಮನೆಯಲ್ಲಿ, ಒಂದು ವರ್ಷ ಗೌಡರ ಮನೆಯಲ್ಲಿ, ಒಂದು ವರ್ಷ ಕುಂಬಾರರಲ್ಲಿ ಇರುತ್ತದೆ. ಹಿರಿಯನು ಎಲ್ಲರಿಗೂ ಕೇಳಿಸುವಂತೆ ತೆಗೆದದ್ದು ಯಾವುದು, ಬಿಟ್ಟದ್ದು ಯಾವುದು ಎಂದು ಕೂಗಬೇಕು. ಕೂಗುವುದಷ್ಟೇ ಅವನ ಅಧಿಕಾರ. ಏನನ್ನು ತೆಗೆಯಬೇಕೆಂಬುದು ತಂದೆಯ ಕಾಗದದಲ್ಲಿಯೇ ಇದೆ. ಮೂವತ್ತು ವರ್ಷ ಕೂಗಿದವನಿಗೆ, ಯಾವುದು ಬಿದಿರು ಯಾವುದು ಪಂಜಾ ಎಂಬುದು ಆ ಸಂಜೆ ತಿಳಿಯದೆ ಹೋಗಿತ್ತು.

"ಆ ಸಾಲ ತಿರಗಿ ಬರಿ" ಎಂದು ವಿಶಾಲನಿಗೆ ಹೇಳಿದೆ. "ನೀನ ಬರಿ. ಟಿಪ್ಪಣಿ ಜಾಗಾದಾಗ ನನ್ನ ಹೆಸರ ಹಾಕು. ಹಿರಿಯರು ಅಂತ ಬರದರ ಯಾರ ಅಂತ ತಿಳಿಬೇಕು?"

ಅವನು ಬರೆದ. ತಸ್ಲೀಮ ಹೊಸ ಕಾಗದವನ್ನು ಕಳಿಸಿದಳು. ನಿಂತಿದ್ದ ಸ್ಟ್ಯಾಕ್ ಅದನ್ನು ಒಪ್ಪಿಕೊಂಡಿತೆಂದು ಪರದೆ ಹೇಳುವವರೆಗೆ ಕಾದಳು. ಆಮೇಲೆ ಮತ್ತೆ ಪಟ್ಟಿ ತೆಗೆದು ನನ್ನ ಮುಂದೆ ಹಿಡಿದಳು. ಹದಿನೇಳರ ಮುಂದೆ ಅಳಿಸು, ಒಂದರ ಮುಂದೆ ಉಳಿಸು. ಕನ್ನಡಕ ಒರೆಸಿ ಎರಡು ಸಲ ಓದಿದೆ.

"ಬಿಸ್ಮಿಲ್ಲಾ ಅನ್ನು" ಎಂದೆ. ಅವಳು ಅಂದು ಗುಂಡಿ ಒತ್ತಿದಳು.

ಅವಳು ಹೇಳಿದ ಕ್ರಮದಲ್ಲಿಯೇ ಎಲ್ಲ ಹೋದವು. ಹೊತ್ತಿಗೆ ಸರಿಯಾಗಿ ಎಬ್ಬಿಸುವ ಗಡಿಯಾರ ಹೋಯಿತು, ಫೋನು ಮಾಡುವ ಯಂತ್ರ ಹೋಯಿತು. ಹೆಸರುಗಳ ಜಾಗ ಹೋಗಲು ಬಹಳ ಹೊತ್ತು ಹಿಡಿಯಿತು. ಕಸ್ತೂರೆವ್ವ ಅಷ್ಟರಲ್ಲಿ ಕೆಳಗಿನ ಅಂಗಡಿಗೆ ಕೂಗಿ ಎಲ್ಲರಿಗೂ ಚಹ ಹೇಳಿದಳು. ಕೊನೆಗೆ ಪರದೆಯ ಮೇಲೆ ಒಂದೇ ಸಾಲು ನಿಂತಿತು. ಅದನ್ನು ಹಿಡಿದುಕೊಂಡ ಸ್ಟ್ಯಾಕ್ ಈಗ ಇರಲಿಲ್ಲ. ಪೆಟ್ಟಿಗೆ ಇತ್ತು.

"ದಾದಾ, ಕೂಗ್ರಿ" ಎಂದಳು ತಸ್ಲೀಮ.

ಎದ್ದು ನಿಂತೆ. ಹೊಳೆಯ ದಂಡೆಯಲ್ಲಿ ಕೂಗುವಷ್ಟೇ ಗಟ್ಟಿಯಾಗಿ ಕೂಗಿದೆ. "ತೆಗೆದದ್ದು, ಮೆಹರುಬಿಯ ದನಿ. ಬಿಟ್ಟದ್ದು, ಉಳಿದ ಹದಿನೇಳು."

"ಕೇಳೀವಿ" ಎಂದರು ಮೂವರೂ. ದಂಡೆಯಲ್ಲಿ ಜನ ಹೇಳುವ ಉತ್ತರ ಅದೇ.

ಚಹ ಬಂತು. ನಾನು ತಸ್ಲೀಮಳನ್ನು ಕೇಳಿದೆ. "ಅಕ್ಟೋಬರದಾಗ ಎಬ್ಬಸೂ ಮುಂದ ಖಾಲಿ ಜಾಗಾ ತುಂಬತೀಯಲ್ಲ, ಅಲ್ಲಿ ಈ ಪೆಟಗಿ ಹೆಸರ ತುಂಬತೀ. ಹೌದಲ್ಲೋ?"

"ಹೌದ್ರಿ."

"ಫೋನಿನ ಪಟ್ಟಿದಾಗ ನನ್ನ ನಂಬರೂ ಹಾಕು."

"ದಾದಾ, ನಮಗೆಲ್ಲೈತ್ರಿ ದ್ರಾಕ್ಷಿ? ಬೆಳೆಗಾರ್ರಿಗಷ್ಟ ಹೋಗತೈತಿ."

"ಅಂಗಳದಾಗ ಒಂದ ಬಳ್ಳಿ ಹಚ್ಚತೀನಿ."

"ಕಡ್ಡಿ ನಾ ಕೊಡತೀನ್ರಿ" ಎಂದಳು ಕಸ್ತೂರೆವ್ವ. "ಮಣ್ಣ ಹದಾ ಮಾಡಿ ಇಡ್ರಿ, ಮಳಿ ಬಿದ್ದ ಮ್ಯಾಲ ಬರ್ತೀನಿ."